ಹಿಮ್ಮಡಿ ನೋಡಿ, ಆಮೇಲೆ ಬೋರ್ಡು ನೋಡಿ

ನರ್ಸಿಂಗ್ ಹೋಮಿನಲ್ಲೋ ವೃದ್ಧರ ಆರೈಕೆ ಕೇಂದ್ರದಲ್ಲೋ ವಾರಗಟ್ಟಲೆ ಮಲಗಿರುವ ಹಿರಿಯರನ್ನು ನೋಡಲು ಹೋದಾಗ ನಾವು ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತು, ಅವರ ಮುಖ ನೋಡುತ್ತೇವೆ. ಮುಖಕ್ಕಿಂತ ಮೊದಲು ನೋಡಬೇಕಾದದ್ದು ಹಿಮ್ಮಡಿಯನ್ನು. ಹೊದಿಕೆ ಸರಿಸಿ ಎರಡೂ ಹಿಮ್ಮಡಿ ನೋಡಿ. ಆಮೇಲೆ ಸಿಸ್ಟರ್ ನೆರವು ಕೇಳಿ ಒಂದು ಮಗ್ಗುಲಿಗೆ ತಿರುಗಿಸಿ ಬೆನ್ನಿನ ತಳ, ಸೊಂಟದ ಎಲುಬು, ಭುಜದ ಹಲಗೆ, ತಲೆಯ ಹಿಂಭಾಗ ನೋಡಿ. ಆ ಸಂಸ್ಥೆಯಲ್ಲಿ ಕಳೆದ ಹದಿನೈದು ರಾತ್ರಿ ಏನು ನಡೆದಿದೆ ಎಂಬುದನ್ನು ಆ ಚರ್ಮ ಹೇಳುತ್ತದೆ. ರಿಸೆಪ್ಷನ್ನಿನಲ್ಲಿ ಕೂತವರು ಅದನ್ನು ಹೇಳಲಾರರು.

ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಆರೋಗ್ಯವಾಗಿರುವವರು ನಿದ್ದೆಯಲ್ಲೂ ತಮಗರಿವಿಲ್ಲದೆ ಹೊರಳುತ್ತಾರೆ, ಹಾಗಾಗಿ ಅವರಿಗೆ ಏನೂ ಆಗುವುದಿಲ್ಲ. ಪಾರ್ಶ್ವವಾಯು ಬಡಿದವರು, ತೊಡೆಯ ಮೂಳೆ ಮುರಿದವರು, ಮರೆವಿನ ಕಾಯಿಲೆ ಬಲಿತವರು ಹೊರಳಲಾರರು. ಅವರನ್ನು ಬೇರೆಯವರು ಹೊರಳಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ರೂಢಿ ಬಂದದ್ದು ಇದಕ್ಕೆ. ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಆರು ಸಲ. ಅಂಥವರು ಎಂಟು ಜನ ಇದ್ದರೆ ನಲವತ್ತೆಂಟು ಸಲ. ಪ್ರತಿಸಲವೂ ಚರ್ಮ ಉಜ್ಜದಂತೆ ಎತ್ತಿ ತಿರುಗಿಸಲು ಇಬ್ಬರು ಬೇಕು. ರಾತ್ರಿ ಒಬ್ಬಳೇ ಆಯಾ ಇದ್ದರೆ ಇದು ಆಗದ ಕೆಲಸ. ಚಾರ್ಟಿನಲ್ಲಿ ಬೆಳಗ್ಗೆ ಆರೂ ಟಿಕ್ಕುಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ಅದನ್ನು ನಂಬಬೇಡಿ, ಚರ್ಮವನ್ನು ನಂಬಿ.

ಹೀಗೆ ಒತ್ತಡದಿಂದ ಆಗುವ ಹುಣ್ಣಿಗೆ, ಅಂದರೆ ಬೆಡ್ ಸೋರಿಗೆ, ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಗಾಯ ಇರುವುದಿಲ್ಲ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚಿಕೊಳ್ಳದ ಕೆಂಪು ಮಾತ್ರ ಇರುತ್ತದೆ. ಕೊನೆಯ ಹಂತದಲ್ಲಿ ಸ್ನಾಯು, ಎಲುಬು ಕಾಣುತ್ತವೆ. ಕೆಂಪು ಎಂಬ ಗುರುತು ಬಿಳಿ ಚರ್ಮದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮ ಮೈಬಣ್ಣದಲ್ಲಿ ಅದು ನೇರಳೆಯಾಗಿಯೋ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿಯೋ ಕಾಣುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಆಗ ಕೈಯಿಂದ ಮುಟ್ಟಿ ತಿಳಿಯಬೇಕು: ಅಲ್ಲಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದಾಗ ನೋವಿನಿಂದ ಮುಖ ಹಿಂಡಿದರೇ? ಸ್ಪಿರಿಟ್ ಹಚ್ಚಿ ಪೌಡರ್ ಹಾಕಿ ಬೆನ್ನು ಉಜ್ಜುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಾಲ ಇತ್ತು. ಕೆಂಪಾದ ಜಾಗವನ್ನು ಹಾಗೆ ಉಜ್ಜಬಾರದು ಎಂದು ಈಗ ಹೇಳುತ್ತಾರೆ. ಕೂರಿಸುವ ರಬ್ಬರ್ ರಿಂಗನ್ನೂ ಬೇಡವೆನ್ನುತ್ತಾರೆ, ಅದು ಸುತ್ತಲಿನ ರಕ್ತದ ಹರಿವನ್ನೇ ತಡೆಯುತ್ತದೆ. ಗಾಳಿ ಹಾಸಿಗೆ ಒಳ್ಳೆಯದು, ಆದರೆ ಅದನ್ನು ಹಾಸಿದ ಮಾತ್ರಕ್ಕೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಗಾಳಿ ಹಾಸಿಗೆ ತಂದುಕೊಟ್ಟ ಮಕ್ಕಳು ಅಲ್ಲಿಗೆ ನಿಶ್ಚಿಂತರಾಗುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಹಿಮ್ಮಡಿಗೆ ಬೇಕಾದದ್ದು ಅದಕ್ಕಿಂತ ಸರಳ: ಕಾಲಿನ ಮೀನಖಂಡದ ಕೆಳಗೊಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಲ್ಲಿ ಈ ಮಾತು ಈಗ ಬೀದಿಗೊಂದರಂತೆ ಬೇಕಾಗಿದೆ. ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. ಅದೇ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳ ನಕ್ಷೆ ಸಿದ್ಧವಾಯಿತು. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತಾಗ, ಉಳಿದವರು ಈ ಹೊಸ ಬಡಾವಣೆಗಳ ಕಡೆ ಬಂದರು. ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಕಿಟಕಿಗೆ ಗಾಳಿ ಬೆಳಕು: ಜನರ ಆರೋಗ್ಯವನ್ನು ಮುಂದಿಟ್ಟುಕೊಂಡು ಕಟ್ಟಿದ ಊರಿದು. ಆ ಮನೆಗಳಲ್ಲಿ ಹುಟ್ಟಿ ಬೆಳೆದವರು ಇಂದು ಎಂಬತ್ತು ದಾಟಿದ್ದಾರೆ. ಮಕ್ಕಳು ಬೇ ಏರಿಯಾದಲ್ಲೋ ಸಿಡ್ನಿಯಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ, ವಾರದ ದಿನ ಟ್ರಾಫಿಕ್ಕಿನಲ್ಲಿ ವೈಟ್‌ಫೀಲ್ಡೂ ದೂರವೇ. ಹಳೆಯ ಮನೆಗಳಲ್ಲಿ ಕೆಲವು ಅಪಾರ್ಟ್‌ಮೆಂಟ್ ಆಗಿವೆ, ಕೆಲವು ನರ್ಸಿಂಗ್ ಹೋಮ್ ಆಗಿವೆ, ಇನ್ನು ಕೆಲವು ಹಿರಿಯರ ಆರೈಕೆ ಕೇಂದ್ರಗಳಾಗಿವೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ, ಅಂದರೆ ಜನಸಂಖ್ಯೆಯ ನೂರಕ್ಕೆ ಒಂಬತ್ತೂವರೆ. ಈಗ ಆ ಸಂಖ್ಯೆ ಇನ್ನೂ ಮೇಲೇರಿದೆ.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಜ್ವರ, ಹರ್ನಿಯಾ ಆಪರೇಷನ್ನಿಗೆ ಹೋಗುವ ಇಪ್ಪತ್ತು ಮೂವತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಹಿರಿಯರನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಕೇಂದ್ರಗಳು ಬೇರೆ. ಆದರೆ ಎಂಬತ್ತೈದರ ಅಜ್ಜಿಯೊಬ್ಬರು ಬಿದ್ದು ಸೊಂಟ ಮುರಿದರೆ ಮೊದಲು ನರ್ಸಿಂಗ್ ಹೋಮ್, ಅಲ್ಲಿಂದ ಆರೈಕೆ ಕೇಂದ್ರ, ನ್ಯುಮೋನಿಯಾ ಆದರೆ ಮತ್ತೆ ನರ್ಸಿಂಗ್ ಹೋಮ್ ಎಂದು ಎರಡರ ನಡುವೆ ಓಡಾಡುತ್ತಾರೆ. ಅವರ ಮೈ ಒಂದೇ. ಅವರನ್ನು ನೋಡಿಕೊಳ್ಳುವ ಸಂಸ್ಥೆಗಳನ್ನು ತಪಾಸಣೆ ಮಾಡಬೇಕಾದ ಇಲಾಖೆಗಳು ಎರಡು. ನಮ್ಮ ವ್ಯವಸ್ಥೆಯ ದೊಡ್ಡ ಬಿರುಕು ಇಲ್ಲಿದೆ.

ಆಸ್ಪತ್ರೆಗಳ ಕಡೆ ಕಾನೂನು ಹಳೆಯದು. 1976ರಲ್ಲೇ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ ಕರ್ನಾಟಕ ಕಾಯ್ದೆ ಮಾಡಿತ್ತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು, ಆಸ್ಪತ್ರೆಯವರ ಬಾಯಲ್ಲಿ ಅದು ಕೆಪಿಎಂಇ. 2017ರಲ್ಲಿ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಅದಕ್ಕೆ ತಿದ್ದುಪಡಿ ಬಂತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಬಾಗಿಲು ಮುಚ್ಚಿ ಬೆಳಗಾವಿಯಲ್ಲಿ ಸೇರಿದ್ದು ಓದುಗರಿಗೆ ನೆನಪಿರಬಹುದು. ತಿದ್ದುಪಡಿಯ ಬಳಿಕ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ರೋಗಿಗಳ ಹಕ್ಕುಗಳ ಸನ್ನದು ಕಾಯ್ದೆಯ ಭಾಗವಾಗಿದೆ. ದರಪಟ್ಟಿ ತೂಗುಹಾಕಬೇಕು, ತುರ್ತಿನಲ್ಲಿ ಅಡ್ವಾನ್ಸ್ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ, ಬಿಲ್ ಬಾಕಿಯಿದೆಯೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಇವು ಸಣ್ಣ ಗಳಿಕೆಗಳಲ್ಲ. ಆದರೆ ಆ ದಿನಗಳ ಇಡೀ ಜಗಳ ದರ ಮತ್ತು ಜೈಲು ಶಿಕ್ಷೆಯ ಸುತ್ತ ನಡೆಯಿತು. ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂಬ ಪ್ರಶ್ನೆಗೆ ಆ ಚರ್ಚೆಯಲ್ಲಿ ಜಾಗ ಸಿಗಲಿಲ್ಲ.

ಹಿರಿಯರ ಕೇಂದ್ರಗಳ ಸ್ಥಿತಿ ಇದಕ್ಕಿಂತ ದುರ್ಬಲ. ಅದೇ 2007ರಲ್ಲಿ ಸಂಸತ್ತು ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಮಾಡಿತು. ಜಿಲ್ಲೆಗೊಂದಾದರೂ ವೃದ್ಧಾಶ್ರಮ ಇರಬೇಕು, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಅಲ್ಲಿ ಜಾಗವಿರಬೇಕು, ಅದಕ್ಕೆ ರಾಜ್ಯ ಸರ್ಕಾರ ಮಾನದಂಡ ರೂಪಿಸಬಹುದು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ತಿಂಗಳಿಗೆ ಹಣ ಪಡೆದು ನಡೆಸುವ ಖಾಸಗಿ ಕೇಂದ್ರಗಳ ಬಗ್ಗೆ ಅದರಲ್ಲಿ ವಿವರವಾದ ವ್ಯವಸ್ಥೆಯಿಲ್ಲ. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಮಾಹಿತಿ ಕಲೆಹಾಕಲು ಹೇಳಿತು. ಮರುವರ್ಷದ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಎಲ್ಲ ಆರೈಕೆ ಕೇಂದ್ರಗಳನ್ನೂ ಮನೆಗೆ ಬಂದು ಶುಶ್ರೂಷೆ ಮಾಡುವ ಏಜೆನ್ಸಿಗಳನ್ನೂ ನೋಂದಣಿಗೆ ತರುತ್ತಿತ್ತು, ಕನಿಷ್ಠ ಮಟ್ಟ ನಿಗದಿ ಮಾಡುತ್ತಿತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು, ವರದಿ ಬಂತು, ಅಂಗೀಕಾರ ಆಗಲೇ ಇಲ್ಲ. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಇದನ್ನು ನಾನು ಈ ದಶಕದ ದೊಡ್ಡ ನಷ್ಟಗಳಲ್ಲಿ ಒಂದು ಎಂದು ಎಣಿಸುತ್ತೇನೆ.

ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಉತ್ತರ 1966ರಿಂದ ಇದೆ. ಬೈರೂತ್‌ನಲ್ಲಿ ಹುಟ್ಟಿದ ಆರ್ಮೇನಿಯನ್ ವೈದ್ಯ ಅವೇಡಿಸ್ ಡೊನಬೇಡಿಯನ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದ ಲೇಖನವೊಂದರಲ್ಲಿ ಆರೈಕೆಯನ್ನು ಮೂರು ಕಡೆಯಿಂದ ನೋಡಬೇಕು ಎಂದರು. ಏನಿದೆ ಎಂಬುದು ಒಂದು: ಕಟ್ಟಡ, ಹಾಸಿಗೆ, ಸಿಬ್ಬಂದಿ, ಆಮ್ಲಜನಕ. ಏನು ಮಾಡುತ್ತಾರೆ ಎಂಬುದು ಇನ್ನೊಂದು: ಕೈ ತೊಳೆಯುತ್ತಾರೆಯೇ, ಮಗ್ಗುಲು ಬದಲಿಸುತ್ತಾರೆಯೇ. ಕೊನೆಗೆ ರೋಗಿಗೆ ಏನಾಯಿತು: ಹುಣ್ಣಾಯಿತೇ, ತೂಕ ಇಳಿಯಿತೇ, ಬಿದ್ದರೇ, ಬದುಕಿದರೇ. ನಮ್ಮ ತಪಾಸಣೆ ಬಹುಪಾಲು ಮೊದಲನೆಯದರಲ್ಲೇ ಮುಗಿಯುತ್ತದೆ. ನೋಂದಣಿ ಪತ್ರ, ವೈದ್ಯರ ಪ್ರಮಾಣಪತ್ರ, ಜೈವಿಕ ತ್ಯಾಜ್ಯಕ್ಕೆ 2016ರ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು, ಗೋಡೆಯ ಮೇಲೆ ದರಪಟ್ಟಿ. ಅಧಿಕಾರಿ ಬರುವ ದಿನ ಮೊದಲೇ ಗೊತ್ತಿದ್ದರೆ ಇವೆಲ್ಲವೂ ಸರಿಯಾಗಿರುತ್ತವೆ. ಆರೈಕೆಯನ್ನು ಒಂದು ದಿನದ ಮಟ್ಟಿಗೆ ಸಿದ್ಧಮಾಡಿ ತೋರಿಸಲು ಆಗುವುದಿಲ್ಲ. ಹುಣ್ಣು ಒಂದೇ ದಿನದಲ್ಲಿ ವಾಸಿಯಾಗದು.

ಡಬ್ಬಿಗಳಿಗಿಂತ ಮುಖ್ಯ ಸಿಬ್ಬಂದಿ. ಸಾಮಾನ್ಯ ವಾರ್ಡಿನಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೊಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಪ್ರತಿ ಪಾಳಿಯಲ್ಲೂ ಇದು ಪಾಲನೆಯಾಗುವ ಸಣ್ಣ ನರ್ಸಿಂಗ್ ಹೋಮ್ ನಿಮಗೆ ಸಿಕ್ಕರೆ ಅದನ್ನು ಬಿಡಬೇಡಿ. ನಿಜವಾಗಿ ಹಿರಿಯರನ್ನು ಎತ್ತಿ, ತೊಳೆದು, ಉಣಿಸುವವರು ನರ್ಸುಗಳಿಗಿಂತ ಹೆಚ್ಚಾಗಿ ಆಯಾಗಳು, ಅಟೆಂಡರುಗಳು. ಅವರಲ್ಲಿ ಅನೇಕರು ಹೊರರಾಜ್ಯದಿಂದ ಬಂದ ಹುಡುಗಿಯರು. ಹನ್ನೆರಡು ಗಂಟೆಯ ಪಾಳಿ, ಅದೇ ಕಟ್ಟಡದ ಮೇಲಿನ ಕೋಣೆಯಲ್ಲಿ ವಾಸ, ಕಡಿಮೆ ಸಂಬಳ, ತರಬೇತಿ ಎಂದರೆ ಮೊದಲು ಬಂದವರು ಹೇಳಿಕೊಟ್ಟಷ್ಟು. ತಪಾಸಣೆಗೆ ಹೋದವರು ಅವರ ಮೇಲೆ ಹರಿಹಾಯುವುದು ಸುಲಭ, ಅದು ಅನ್ಯಾಯವೂ ಹೌದು. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿದವರನ್ನು ಕೇಳಬೇಕು. ಇಲ್ಲಿ ಒಂದು ಕಿವಿಮಾತು: ಅವರ ಹೆಸರು ತಿಳಿದುಕೊಳ್ಳಿ. ಮರೆವಿನ ಕಾಯಿಲೆಯವರು ಕೊನೆಕೊನೆಗೆ ಕಲಿತ ಭಾಷೆಗಳನ್ನು ಕಳೆದುಕೊಂಡು ತಾಯ್ನುಡಿಗೆ ಮರಳುತ್ತಾರೆ. "ನೀರು", "ನೋವು", "ಒಂದಕ್ಕೆ ಹೋಗಬೇಕು" ಎಂಬ ನಾಲ್ಕು ಮಾತು ಆ ಹುಡುಗಿಗೆ ಕನ್ನಡದಲ್ಲಿ ತಿಳಿದಿರುವಂತೆ ಮಾಡಿದರೆ ಹಾಸಿಗೆಯಲ್ಲಿರುವವರ ದಿನ ಬದಲಾಗುತ್ತದೆ.

ಸಿಬ್ಬಂದಿಯ ಲೆಕ್ಕವನ್ನು ಮಾಲೀಕರ ಬಾಯಿಮಾತಿನಿಂದ ಪಡೆಯಬಾರದು ಎಂಬ ಪಾಠ ಅಮೆರಿಕ ತಡವಾಗಿ ಕಲಿಯಿತು. ಅಲ್ಲಿ 2008ರಿಂದ ಹಿರಿಯರ ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಮೊದಮೊದಲು ಎಷ್ಟು ನರ್ಸುಗಳಿದ್ದಾರೆ ಎಂಬುದನ್ನು ಸಂಸ್ಥೆಗಳೇ ಹೇಳುತ್ತಿದ್ದವು. 2016ರಿಂದ ಸಂಬಳದ ದಾಖಲೆಯ ಮೇಲೆ ದಿನದಿನದ ಹಾಜರಿ ಸಲ್ಲಿಸಬೇಕಾಯಿತು. ಶನಿವಾರ, ಭಾನುವಾರಗಳಲ್ಲಿ ಸಿಬ್ಬಂದಿ ಎಷ್ಟು ಕುಸಿಯುತ್ತದೆ ಎಂಬುದು ಆಗ ಹೊರಬಿತ್ತು. ನಮ್ಮ ಪ್ರಾಧಿಕಾರವೂ ಇದನ್ನು ಕೇಳಬಹುದು. ಇಎಸ್‌ಐ, ಪಿಎಫ್ ಪಟ್ಟಿಯನ್ನು ರಾತ್ರಿ ಪಾಳಿಯ ಹಾಜರಿಯ ಪಕ್ಕದಲ್ಲಿಟ್ಟು ನೋಡಲು ಬೇರೆ ಯಂತ್ರ ಬೇಕಿಲ್ಲ.

ಊಟ, ನೀರಿನ ವಿಚಾರಕ್ಕೆ ಬರೋಣ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಕೇಳಿದರೆ "ಬೇಡಪ್ಪ" ಅನ್ನುತ್ತಾರೆ, ನಾಲಿಗೆ ಮಾತ್ರ ಒಣಗಿರುತ್ತದೆ. ಪಕ್ಕದ ಲೋಟ ಕೈಗೆಟಕುವಂತಿದೆಯೇ, ಅದರ ನೀರು ಬೆಳಗ್ಗೆಯದೇ, ಮೂತ್ರದ ಬಣ್ಣ ಗಾಢವಾಗಿದೆಯೇ ಎಂದು ನೋಡಬೇಕು. ಡೈಪರ್ ಬದಲಿಸುವ ಕೆಲಸ ತಗ್ಗಲೆಂದು ಸಂಜೆಯ ಮೇಲೆ ನೀರು ಕೊಡದಿರುವುದೂ ಉಂಟು. ಇದನ್ನು ಕಂಡುಹಿಡಿಯಬೇಕಾದರೆ ಸಂಜೆ ಏಳರ ಮೇಲೆ ಹೋಗಬೇಕು, ಹನ್ನೊಂದು ಗಂಟೆಯ ಭೇಟಿಯ ಹೊತ್ತಿನಲ್ಲಲ್ಲ. ಗಂಜಿಯನ್ನೋ ಮೆತ್ತನೆಯ ಅನ್ನ ತಿಳಿಸಾರನ್ನೋ ಉಣಿಸುವಾಗ ಅವರನ್ನು ನೆಟ್ಟಗೆ ಕೂರಿಸಿದ್ದಾರೆಯೇ? ಮಲಗಿಸಿ ಬಾಯಿಗೆ ಹಾಕಿದ ತುತ್ತು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಉಂಡ ಮೇಲೂ ಅರ್ಧ ಗಂಟೆಯಾದರೂ ಎದ್ದು ಕೂತಿರಬೇಕು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುತ್ತಾರೆಯೇ ಎಂದು ಕೇಳಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟೋ ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟೋ ಇಳಿದಿದ್ದರೆ ಅದು ವಯಸ್ಸಿನ ಸಹಜ ಕ್ಷೀಣತೆ ಎಂದು ಒಪ್ಪಿಕೊಳ್ಳಬೇಡಿ. ಯಾಕೆ ಎಂದು ಡಾಕ್ಟರು ಹುಡುಕಲೇಬೇಕು.

ಬಾಯಿಯ ಸ್ವಚ್ಛತೆಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. 1999ರಲ್ಲಿ ಜಪಾನಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ನರ್ಸಿಂಗ್ ಹೋಮಿನ ಹಿರಿಯರ ಬಾಯಿಯನ್ನು ಸಿಬ್ಬಂದಿ ಪ್ರತಿ ಊಟದ ಬಳಿಕ ಶುಚಿ ಮಾಡಿದಾಗ ನ್ಯುಮೋನಿಯಾ ಕಡಿಮೆಯಾಯಿತೆಂದು ತೋರಿಸಿತು. ಬ್ರಷ್ ಹಿಡಿದ ಕೈಯೊಂದು ಐಸಿಯು ಬಿಲ್ಲನ್ನೂ ಪ್ರಾಣವನ್ನೂ ಉಳಿಸಬಲ್ಲದು. ಹಲ್ಲಿನ ಸೆಟ್ಟು ಡಬ್ಬಿಯಲ್ಲೇ ಒಣಗಿ ಕೂತಿದ್ದರೆ, ಕನ್ನಡಕ ಡ್ರಾಯರಿನಲ್ಲಿದ್ದರೆ, ಕಿವಿಯ ಯಂತ್ರಕ್ಕೆ ಬ್ಯಾಟರಿ ಇಲ್ಲದಿದ್ದರೆ ಆ ವ್ಯಕ್ತಿಯನ್ನು ಅಲ್ಲಿ ಇರಿಸಿಕೊಂಡಿದ್ದಾರೆ, ನೋಡಿಕೊಳ್ಳುತ್ತಿಲ್ಲ ಎಂದೇ ತಿಳಿಯಬೇಕು. ಕಾಣದೆ, ಕೇಳದೆ ಮಲಗಿದವರು ಗೊಂದಲಗೊಳ್ಳುತ್ತಾರೆ, ಕೂಗಾಡುತ್ತಾರೆ. ಆಮೇಲೆ ಅವರಿಗೆ ನಿದ್ದೆ ಮಾತ್ರೆ.

ಮಾತ್ರೆಗಳ ಬಗ್ಗೆ ಇನ್ನಷ್ಟು ಹೇಳಲೇಬೇಕು. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ನರ್ಸಿಂಗ್ ಹೋಮ್ ವಾಸಿಗಳಿಗೆ ಕೊಡಬಾರದ ಔಷಧಗಳ ಪಟ್ಟಿ ಮಾಡಿದರು. ಅದು ಇಂದಿಗೂ ಪರಿಷ್ಕೃತವಾಗುತ್ತಿದೆ. ಡಯಾಜೆಪಾಮ್‌ನಂಥ ಮಂಪರು ಮಾತ್ರೆಗಳು ಅದರಲ್ಲಿವೆ, ನೆಗಡಿ ಅಲರ್ಜಿಗೆ ಕೊಡುವ ಹಳೆಯ ಔಷಧಗಳೂ ಇವೆ. ಇವು ಹಿರಿಯರನ್ನು ಬೀಳಿಸುತ್ತವೆ, ಮರೆವನ್ನು ಹೆಚ್ಚಿಸುತ್ತವೆ. ಮರೆವಿನ ರೋಗಿಗಳಿಗೆ ಮನೋರೋಗದ ಔಷಧ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ಆಡಳಿತ 2005ರಲ್ಲೇ ಎಚ್ಚರಿಸಿತು. ಕೆಲವೊಮ್ಮೆ ಅವು ಬೇಕಾಗುತ್ತವೆ, ಅದನ್ನು ತಜ್ಞರು ನಿರ್ಧರಿಸಲಿ. ಆದರೆ ನೀವು ಹೋದಾಗಲೆಲ್ಲ, ಹಗಲು ಹೊತ್ತಲ್ಲೂ, ಅವರು ತೂಕಡಿಸುತ್ತಿದ್ದರೆ ಚಾರ್ಟ್ ಕೇಳಿ: ಯಾವ ಮಾತ್ರೆ, ಯಾರು ಬರೆದದ್ದು, ಎಂದಿನಿಂದ, ಯಾವಾಗ ನಿಲ್ಲಿಸುತ್ತಾರೆ? ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ಮೂತ್ರದ ನಳಿಕೆ ರೋಗಿಗೆ ಬೇಕಾಗಿ ಇದೆಯೋ ಸಿಬ್ಬಂದಿಯ ಅನುಕೂಲಕ್ಕೋ ಎಂದೂ ಕೇಳಬೇಕು, ಯಾಕೆಂದರೆ ಪ್ರತಿದಿನವೂ ಅದು ಸೋಂಕಿನ ದಾರಿ.

ಹಳೆಯ ಮನೆಗಳಲ್ಲಿ ನಡೆಯುವ ಸಂಸ್ಥೆಗಳಿಗೆ ಇನ್ನೊಂದು ಪರೀಕ್ಷೆಯಿದೆ: ಮೆಟ್ಟಿಲು. ಮಲಗಿದವರನ್ನು ಎರಡನೇ ಮಹಡಿಯಿಂದ ಕೆಳಗಿಳಿಸುವ ದಾರಿ ಯಾವುದು? ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೆಯೇ? ಕರೆಂಟು ಹೋದರೆ? 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಧಾಕುರಿಯಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ವಾರ್ಡುಗಳಿಗೆ ಏರಿ ಸುಮಾರು 90 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಎದ್ದು ಓಡಲಾರದ ರೋಗಿಗಳು. ನಲವತ್ತು ಅರವತ್ತರ ಸೈಟಿನಲ್ಲಿ ಒಂದೇ ಇಕ್ಕಟ್ಟಿನ ಮೆಟ್ಟಿಲಿಟ್ಟು, ಕಿಟಕಿಗೆ ಸರಳು ಹಾಕಿ, ಮೇಲಿನ ಮಹಡಿಯಲ್ಲಿ ನಡೆಯಲಾರದವರನ್ನು ಮಲಗಿಸಿದ ಕೇಂದ್ರ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಅದು ಸುರಕ್ಷಿತವಲ್ಲ.

ಹೊರದೇಶಗಳಿಂದ ಕಲಿಯಬೇಕಾದದ್ದು ಎರಡು ಸಂಗತಿ ಎಂದು ನನಗನಿಸುತ್ತದೆ. ಒಂದು, ಹೇಳದೆ ಬರುವುದು. ಅಮೆರಿಕದಲ್ಲಿ 1987ರ ಸುಧಾರಣಾ ಕಾಯ್ದೆಯ ಪ್ರಕಾರ ತಪಾಸಕರು ಮುನ್ಸೂಚನೆ ಇಲ್ಲದೆ ಬರುತ್ತಾರೆ, ಎರಡು ತಪಾಸಣೆಗಳ ನಡುವೆ ಹದಿನೈದು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಅವರು ಕಡತ ನೋಡುವುದಷ್ಟೇ ಅಲ್ಲ, ಅಲ್ಲಿರುವವರನ್ನೇ ಕೂರಿಸಿ ಮಾತಾಡಿಸುತ್ತಾರೆ. ಇನ್ನೊಂದು, ಬಚ್ಚಿಡದಿರುವುದು. ಅಲ್ಲಿ ತಪಾಸಣಾ ವರದಿಯನ್ನು ಬಂದವರು ಓದಲು ಸಿಗುವಂತೆ ಸಂಸ್ಥೆಯಲ್ಲೇ ಇಡಬೇಕು. ಇಂಗ್ಲೆಂಡಿನಲ್ಲಿ 2009ರಿಂದ ಕೆಲಸ ಮಾಡುತ್ತಿರುವ ಕೇರ್ ಕ್ವಾಲಿಟಿ ಕಮಿಷನ್, ಸುರಕ್ಷಿತವೇ, ಪರಿಣಾಮಕಾರಿಯೇ, ಮನುಷ್ಯತ್ವವಿದೆಯೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ನಾಯಕತ್ವ ಸರಿಯಿದೆಯೇ ಎಂದು ಐದು ಪ್ರಶ್ನೆ ಕೇಳಿ ದರ್ಜೆ ಕೊಡುತ್ತದೆ. 2015ರಿಂದ ಆ ದರ್ಜೆಯನ್ನು ಬಾಗಿಲಲ್ಲೇ ಪ್ರದರ್ಶಿಸಬೇಕು. ಅಲ್ಲಿಯೂ ಸೋಲುಗಳಾಗಿವೆ. 2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಬೌದ್ಧಿಕ ವೈಕಲ್ಯವುಳ್ಳವರ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ಬಯಲಿಗೆಳೆದದ್ದು ತಪಾಸಕರಲ್ಲ, ಬಿಬಿಸಿಯ ಗುಪ್ತ ಕ್ಯಾಮೆರಾ. ಅದಕ್ಕೂ ಮೊದಲು ಅಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರು ದೂರು ಕೊಟ್ಟಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಒಳಗೆ ದುಡಿಯುವವರು ಹೆದರದೆ ಹೇಳುವ ದಾರಿ ಇಲ್ಲದಿದ್ದರೆ ತಪಾಸಣೆ ಕುರುಡು.

ಹೊರಗಿನ ಕಣ್ಣು ಮುಚ್ಚಿದಾಗ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. 2020ರ ಮಾರ್ಚಿನಲ್ಲಿ ಸ್ಪೇನಿನ ವೃದ್ಧಾಶ್ರಮಗಳನ್ನು ಸೋಂಕುಮುಕ್ತ ಮಾಡಲು ಹೋದ ಸೈನಿಕರಿಗೆ ಆರೈಕೆಯಿಲ್ಲದೆ ಬಿಟ್ಟುಹೋದ ವೃದ್ಧರು ಸಿಕ್ಕರು, ಕೆಲವರು ಹಾಸಿಗೆಯಲ್ಲೇ ಸತ್ತಿದ್ದರು. ಆ ದೇಶದ ರಕ್ಷಣಾ ಸಚಿವೆಯೇ ಇದನ್ನು ಹೇಳಿದರು. ಮಗಳೋ ಮೊಮ್ಮಗನೋ ದಿನಾ ಬಂದು ಹೋಗುತ್ತಿದ್ದಾಗ ಅದೂ ಒಂದು ತಪಾಸಣೆಯಾಗಿತ್ತು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಈ ಮೂರು ಬಡಾವಣೆಗಳಿಗೆ ಬೇರೆಡೆ ಇಲ್ಲದ ಅನುಕೂಲವೊಂದಿದೆ: ಎಲ್ಲವೂ ನಡೆದು ಹೋಗುವ ದೂರದಲ್ಲಿವೆ. ಬೆಳಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ, ಸ್ಯಾಂಕಿ ಕೆರೆಯ ದಂಡೆಯಲ್ಲಿ ವಾಕ್ ಮಾಡುವ ನಿವೃತ್ತರಲ್ಲಿ ಹೆಡ್ ನರ್ಸ್ ಆಗಿದ್ದವರಿದ್ದಾರೆ, ಆಡಿಟರುಗಳಿದ್ದಾರೆ, ಮೇಷ್ಟರಿದ್ದಾರೆ. ಬೀದಿಯ ಹಿರಿಯ ನಾಗರಿಕರ ವೇದಿಕೆಯಿಂದ ಇಬ್ಬರು ವಾರಕ್ಕೊಮ್ಮೆ, ದಿನ ಹೇಳದೆ, ಹತ್ತಿರದ ಆರೈಕೆ ಕೇಂದ್ರಕ್ಕೆ ಹೋಗಿ ಯಾರೂ ನೋಡಲು ಬರದವರ ಪಕ್ಕ ಅರ್ಧ ಗಂಟೆ ಕೂರಬಹುದು. ಒಳ್ಳೆಯ ಕೇಂದ್ರ ಇದನ್ನು ಸ್ವಾಗತಿಸುತ್ತದೆ. ಸಂಜೆ ಏಳರ ಮೇಲೆ ಬಾಗಿಲು ತೆರೆಯಲು ಒಪ್ಪದ ಕೇಂದ್ರವನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಮಕ್ಕಳು ವಿದೇಶದಲ್ಲಿದ್ದರೆ ವಿಡಿಯೋ ಕಾಲಿನಲ್ಲಿ ಮುಖವನ್ನಷ್ಟೇ ಅಲ್ಲ, ಹಿಮ್ಮಡಿಯನ್ನೂ ಬೆನ್ನನ್ನೂ ತೋರಿಸಿ ಎಂದು ಕೇಳಲಿ. ಒಳಸೇರಿಸುವ ದಿನವೇ ಮೈಯ ಫೋಟೊ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ಹುಣ್ಣು ಮೊದಲೇ ಇತ್ತು, ಇರಲಿಲ್ಲ ಎಂಬ ವಾದಕ್ಕೆ ಆಮೇಲೆ ಬೇರೆ ಸಾಕ್ಷಿ ಸಿಗದು.

ತೊಂದರೆ ಕಂಡರೆ ಬಾಯಿಮಾತಿನ ಜಗಳ ಬೇಡ, ಬರವಣಿಗೆಯಲ್ಲಿ ಕೇಳಿ. ವೈದ್ಯಕೀಯ ದಾಖಲೆಯ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿ ಹೇಳುತ್ತದೆ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನರ್ಸಿಂಗ್ ಹೋಮ್ ಮೇಲಿನ ದೂರು ಜಿಲ್ಲಾಧಿಕಾರಿಯ ಪ್ರಾಧಿಕಾರಕ್ಕೆ ಹೋಗಲಿ. ಹಿರಿಯರ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯಕ್ಕೆ ಬೆಂಗಳೂರಿನಲ್ಲಿ ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆ 2002ರಿಂದ ನಡೆಸುತ್ತ ಬಂದ 1090 ಸಹಾಯವಾಣಿ ಇದೆ, ದೇಶಕ್ಕೆಲ್ಲ ಒಂದೇ ಆದ 14567 ಇದೆ.

ಸರ್ಕಾರವನ್ನು ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಹಣ ಪಡೆದು ಹಿರಿಯರನ್ನು ಇರಿಸಿಕೊಳ್ಳುವ ಪ್ರತಿ ಕೇಂದ್ರಕ್ಕೂ ನೋಂದಣಿ ಇರಲಿ. ದೆಹಲಿಯ ಮಸೂದೆ ಬಿದ್ದರೆ ಬೀಳಲಿ, ಕರ್ನಾಟಕ ತಾನೇ ಮಾಡಲಿ. ಆರೋಗ್ಯ ಇಲಾಖೆಯವರೂ ಹಿರಿಯ ನಾಗರಿಕರ ಇಲಾಖೆಯವರೂ ಜೊತೆಯಾಗಿ, ಒಬ್ಬ ಅನುಭವಿ ನರ್ಸನ್ನು ಕರೆದುಕೊಂಡು, ಹೇಳದೆ, ರಾತ್ರಿ ಹೋಗಲಿ. ಎಷ್ಟು ಜನರಿಗೆ ಬೆಡ್ ಸೋರ್ ಇತ್ತು, ರಾತ್ರಿ ಎಷ್ಟು ಸಿಬ್ಬಂದಿ ಇದ್ದರು, ಎಷ್ಟು ಜನರ ತೂಕ ಇಳಿದಿತ್ತು ಎಂಬ ಮೂರು ಅಂಕಿಗಳನ್ನು ನೋಂದಣಿ ಸಂಖ್ಯೆಯ ಪಕ್ಕದಲ್ಲೇ, ಬಾಗಿಲ ಬೋರ್ಡಿನಲ್ಲಿ, ಕನ್ನಡದಲ್ಲಿ ಬರೆಸಲಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಈ ಮೂರೂ ವಿಧಾನಸಭಾ ಕ್ಷೇತ್ರಗಳು. ಮುಂದಿನ ಸಲ ನಿಮ್ಮ ಶಾಸಕರು ಸಿಕ್ಕಾಗ ರಸ್ತೆ ಗುಂಡಿಯ ಜೊತೆ ಈ ಮಾತನ್ನೂ ಎತ್ತಿ, ಮನವಿಯನ್ನು ಕಾಗದದಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.